ಇ-ಬುಕ್ ರೀಡರ್ ಟಚ್ ನಿಧಾನ ಅನ್ನಿಸಿದರೆ ಮೊದಲು ಇಷ್ಟು ನೋಡಿ

ಮೊಬೈಲ್‌ಗೆ ಒಗ್ಗಿದ ಕೈಗೆ ಇ-ಬುಕ್ ರೀಡರ್ ಸಿಕ್ಕರೆ ಮೊದಲ ದೂರು ಇದೇ: ಟಚ್ ಸರಿ ಇಲ್ಲ. ಹೆಚ್ಚಿನ ಸಲ ತಪ್ಪು ಟಚ್‌ದಲ್ಲ. ಇ-ಇಂಕ್ ಸ್ಕ್ರೀನ್ ಒಳಗೆ ಕಪ್ಪು, ಬಿಳಿ ಬಣ್ಣದ ಕಣಗಳು ನಿಜವಾಗಿಯೂ ಮೇಲೆ ಕೆಳಗೆ ಸರಿದಾಗಲೇ ಅಕ್ಷರ ಮೂಡುವುದು, ಅದಕ್ಕೆ ಸ್ವಲ್ಪ ಹೊತ್ತು ಬೇಕೇ ಬೇಕು. ಚಳಿ ಇದ್ದರೆ ಇನ್ನೂ ನಿಧಾನ. ಏನೂ ಆಗಲಿಲ್ಲ ಅಂತ ನಾವು ಮತ್ತೊಮ್ಮೆ ಒತ್ತುತ್ತೇವೆ, ಎರಡು ಪುಟ ಹಾರಿಹೋಗುತ್ತೆ.

ಅದಕ್ಕೇ ಒಮ್ಮೆ ಮುಟ್ಟಿ, ಬೆರಳು ಎತ್ತಿ, ಸುಮ್ನೆ ಕಾಯಿರಿ. ತಡವಾದರೂ ಪ್ರತಿ ಸಲ ಪುಟ ತಿರುಗಿದರೆ ಟಚ್ ಚೆನ್ನಾಗಿದೆ. ಒಂದು ಜಾಗದಲ್ಲಿ ಮಾತ್ರ ಕೆಲಸ ಮಾಡದಿದ್ದರೆ, ಇಲ್ಲವೇ ಪುಟಗಳು ತಾವಾಗಿಯೇ ತಿರುಗುತ್ತಿದ್ದರೆ, ಆಗ ಟಚ್ ಮೇಲೆ ಅನುಮಾನ ಪಡಿ.

ಈಗ ಪೆನ್ನಿನ ಪ್ಲಾಸ್ಟಿಕ್ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಪುಟ ತಿರುಗಿತಾ? ಹಾಗಾದರೆ ನಿಮ್ಮದು ಇನ್‌ಫ್ರಾರೆಡ್ ಟಚ್, ಅಮೆಜಾನ್‌ನ ಕಿಂಡಲ್ ರೀಡರ್‌ಗಳಲ್ಲಿ 2011ರ ಕಿಂಡಲ್ ಟಚ್‌ನಲ್ಲಿ ಇದ್ದದ್ದೂ ಇದೇ. ಇದರಲ್ಲಿ ಸ್ಕ್ರೀನ್ ಮೇಲೆ ಕಣ್ಣಿಗೆ ಕಾಣದ ಬೆಳಕು ಅಡ್ಡಡ್ಡ, ಉದ್ದುದ್ದ ಹಾಯುತ್ತಿರುತ್ತದೆ, ಯಾವುದು ಅಡ್ಡ ಬಂದರೂ ಅದನ್ನು ಬೆರಳು ಅಂತಲೇ ತಿಳಿಯುತ್ತದೆ. ಅಂಚಿನ ಸಂದಿಯಲ್ಲಿ ಕೂತ ಒಂದು ಕಸದ ಚೂರು ಸಾಕು, ಇಡೀ ಸಾಲು ಕೆಡುತ್ತದೆ. ಒಣಗಿದ ಮೆತ್ತನೆ ಬ್ರಷ್‌ನಿಂದ ನಾಲ್ಕೂ ಅಂಚು, ಅದರಲ್ಲೂ ಮೂಲೆಗಳನ್ನು, ಸಮಾಧಾನವಾಗಿ ಸವರಿ. ಪೆನ್ನಿಗೆ ಜಗ್ಗದೆ ಬೆರಳಿಗೆ ಮಾತ್ರ ತಿರುಗಿದರೆ ಅದು ಮೊಬೈಲ್‌ನಂತೆ ಕೆಪ್ಯಾಸಿಟಿವ್ ಟಚ್. ಇದಕ್ಕೆ ನೀರು, ಬೆವರು ಆಗದು. ನೀರು ತಡೆಯುವ ಮಾಡೆಲ್ ಆದರೂ ಅಷ್ಟೇ, ನೀರು ಬಿದ್ದರೆ ರೀಡರ್ ಹಾಳಾಗದು ನಿಜ, ಆದರೆ ಹನಿಯನ್ನೇ ಬೆರಳು ಅಂದುಕೊಂಡು ಪುಟ ತಿರುಗಿಸಬಹುದು. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ.

ಒಂದೇ ಸಲ ರಾಶಿ ಪುಸ್ತಕ ತುಂಬಿದಿರಾ? ಕಿಂಡಲ್ ಆದರೆ ಹುಡುಕಾಟಕ್ಕೆ ಅಂತ ಪ್ರತಿ ಪುಸ್ತಕದ ಪದಗಳನ್ನೂ ಒಳಗೊಳಗೇ ಪಟ್ಟಿ ಮಾಡುತ್ತಿರುತ್ತದೆ, ಅದು ಮುಗಿಯುವ ತನಕ ಎಲ್ಲವೂ ನಿಧಾನ, ಚಾರ್ಜಿಗೆ ಹಾಕಿ ರಾತ್ರಿಯಿಡೀ ಬಿಟ್ಟುಬಿಡಿ. ಬೆಳಿಗ್ಗೆಯೂ ಹಾಗೇ ಇದ್ದರೆ ಪವರ್ ಬಟನ್ನನ್ನು 40 ಸೆಕೆಂಡ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿ. ಪುಸ್ತಕಗಳು ಎಲ್ಲೂ ಹೋಗುವುದಿಲ್ಲ.

ಹಿಂದಿನ ಪುಟದ ಅಕ್ಷರ ಮಸುಕಾಗಿ ಉಳಿಯುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪೇಜ್ ರಿಫ್ರೆಶ್ ಆನ್ ಮಾಡಿ. ಪ್ರತಿ ಪುಟಕ್ಕೂ ಸ್ಕ್ರೀನ್ ಒಮ್ಮೆ ಕಪ್ಪಾಗಿ ಮಿನುಗುತ್ತದೆ, ಬ್ಯಾಟರಿಯೂ ಸ್ವಲ್ಪ ಜಾಸ್ತಿ ಹೋಗುತ್ತದೆ. ಕಾದಂಬರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ, ಕಾಮಿಕ್ಸ್‌ಗೆ ಬೇಕು.

ಭಾರಿ ಪಿಡಿಎಫ್ ಮಾತ್ರ ಏನು ಮಾಡಿದರೂ ಎಳೆಯುತ್ತದೆ. ಅದೇ ಪುಸ್ತಕ ಇಪಬ್‌ನಲ್ಲಿ (ಇ-ಬುಕ್‌ಗೆಂದೇ ಇರುವ ಫೈಲ್ ರೂಪ) ಸಿಕ್ಕರೆ ಅದನ್ನೇ ಹಾಕಿಕೊಳ್ಳಿ, ಅಕ್ಷರ ದೊಡ್ಡದು ಮಾಡಿಕೊಳ್ಳಲೂ ಆಗುತ್ತದೆ.