ಡಿಸ್ಕ್ ಪೂಲ್ ಕೈಕೊಟ್ಟರೆ ಒಳಗಿನ ಫೋಟೊ ಹೊರತೆಗೆಯುವುದು ಹೇಗೆ?

ರಾತ್ರಿ ಹತ್ತೂವರೆಗೆ ಮಂಡ್ಯದಿಂದ ಭಾವನ ಫೋನು. "ಪೆಟ್ಟಿಗೆ ಬಾಯೇ ಬಿಡ್ತಿಲ್ಲ ಕಣಪ್ಪ. ಗುಡುಗು ಮಳೆ ಬಂತು, ಕರೆಂಟ್ ನಾಲ್ಕು ಸಲ ಹೋಗಿ ಬಂತು. ಆಮೇಲಿಂದ ಒಂದ್ ಫೋಟೊನೂ ತೆರೀತಿಲ್ಲ."

ಭಾವನದು ವಿ.ವಿ. ರಸ್ತೆ ಹತ್ತಿರ ಸಣ್ಣ ಸ್ಟುಡಿಯೊ. ಒಂಬತ್ತು ವರ್ಷದ ಮದುವೆ, ನಾಮಕರಣ, ಬೀಗರೂಟದ ಫೋಟೊಗಳೆಲ್ಲ ಅವರ ಮನೆಯ ದೇವರ ಕೋಣೆ ಪಕ್ಕದ ಶೆಲ್ಫಿನಲ್ಲಿ ಕೂತಿರುವ ಹಳೇ ಕಂಪ್ಯೂಟರಿನೊಳಗಿವೆ. 4 ಟಿಬಿಯ ನಾಲ್ಕು ಡಿಸ್ಕ್, ನಾಲ್ಕನ್ನೂ ಸೇರಿಸಿ ಒಂದೇ ಪೂಲ್. ಕಟ್ಟಿಕೊಟ್ಟವನು ನಾನೇ. ಹಾಗಾಗಿ ಬೈಗುಳದಲ್ಲೂ ನನಗೆ ಪಾಲಿದೆ.

"ಭಾವ, ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದ್ರಿ?"

ಸ್ವಲ್ಪ ಹೊತ್ತು ಮಾತಿಲ್ಲ. "ಐದಾರು ಸಲ."

ಇಂಥ ಕೇಸುಗಳಲ್ಲಿ ಡಿಸ್ಕ್ ಮಾಡುವ ಹಾಳಿಗಿಂತ, ಗಾಬರಿಯಲ್ಲಿ ನಾವು ಮಾಡುವ ಹಾಳೇ ಜಾಸ್ತಿ. ಆನ್-ಆಫ್ ಮಾಡುವುದು, 'ರಿಪೇರಿ' ಅನ್ನುವ ಬಟನ್ ಕಂಡ ಕೂಡಲೇ ಒತ್ತುವುದು, ಹಳೇ ಡಿಸ್ಕ್ ಕಿತ್ತು ಹೊಸದು ತುರುಕುವುದು. ಕೆಳಗೆ ಬರೆದಿರುವ ಹೆಜ್ಜೆಗಳಲ್ಲಿ ಅರ್ಧ, ಏನನ್ನೂ ಮಾಡದೇ ಇರುವ ಹೆಜ್ಜೆಗಳು.

ಮೊದಲು ಪೂಲ್ ಅಂದರೆ ಏನು ಅಂತ ಎರಡು ಮಾತು. ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕಿನಂತೆ ಬಳಸುವುದೇ ಪೂಲ್. ಭಾವನದು ಝಡ್‌ಎಫ್‌ಎಸ್ ಪೂಲ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಕಟ್ಟಿ, 2005ರಲ್ಲಿ ಸೋರ್ಸ್ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟ ವ್ಯವಸ್ಥೆ ಅದು. ನಾಲ್ಕು ಡಿಸ್ಕಿನಲ್ಲಿ ಮೂರರಷ್ಟು ಜಾಗ ಫೋಟೊಗೆ, ಒಂದರಷ್ಟು ಜಾಗ ಪ್ಯಾರಿಟಿಗೆ. ಪ್ಯಾರಿಟಿ ಅಂದರೆ ಕಳೆದುಹೋದ ತುಂಡನ್ನು ಲೆಕ್ಕ ಹಾಕಿ ಮತ್ತೆ ಬರೆಯಲು ಬೇಕಾದ ಮಾಹಿತಿ. ನಾಲ್ಕು ಕಾಲಿನ ಮಂಚ ಅಂದುಕೊಳ್ಳಿ. ಒಂದು ಕಾಲು ಮುರಿದರೆ ಇಟ್ಟಿಗೆ ಕೊಟ್ಟು ಮಲಗಬಹುದು. ಎರಡು ಮುರಿದರೆ ನೆಲವೇ ಗತಿ.

ಭಾವನ ಮಂಚದ ಒಂದು ಕಾಲು ಮಾರ್ಚ್‌ನಲ್ಲೇ ಮುರಿದಿತ್ತು. ಪೂಲ್ 'ಡಿಗ್ರೇಡೆಡ್' (ಡಿಸ್ಕ್ ಕಮ್ಮಿಯಿದೆ, ಆದರೂ ನಡೆಯುತ್ತಿದೆ) ಅಂತ ಕೂಗುತ್ತಲೇ ಇತ್ತು. ಮಾನಿಟರ್ ಇಲ್ಲದ ಪೆಟ್ಟಿಗೆ, ಇಮೇಲ್ ಎಚ್ಚರಿಕೆ ನಾನು ಹಾಕಿರಲಿಲ್ಲ. ಕೇಳಿಸಿಕೊಳ್ಳುವವರು ಯಾರು?

ಇನ್ನೊಂದು ಮಾತು. ಇಲ್ಲಿ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಹೆಜ್ಜೆ 1: ಆಫ್ ಮಾಡಿ, ನಂಬರ್ ಹಾಕಿ

ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡಿ. ಪೆಟ್ಟಿಗೆ ಬಿಚ್ಚುವ ಮೊದಲು ಒಳಗಿನ ವೈರುಗಳ ಫೋಟೊ ತೆಗೆಯಿರಿ. ಆಮೇಲೆ ಪ್ರತಿ ಡಿಸ್ಕಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ 1, 2, 3, 4 ಅಂತ ಬರೆಯಿರಿ. ಡಿಸ್ಕಿನ ಮೇಲಿರುವ ಸೀರಿಯಲ್ ನಂಬರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇದು ಶಾಸ್ತ್ರಕ್ಕೆ ಹೇಳುತ್ತಿರುವುದಲ್ಲ. ಕಂಪ್ಯೂಟರ್ ಡಿಸ್ಕುಗಳಿಗೆ ಇಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಒಂದು ರೀಬೂಟಿಗೆ ಅದಲುಬದಲಾಗಬಹುದು. ಬದಲಾಗದೇ ಉಳಿಯುವುದು ಸೀರಿಯಲ್ ನಂಬರ್ ಒಂದೇ.

ಬೆಳಿಗ್ಗೆ ಮೈಸೂರಿನಿಂದ ಪ್ಯಾಸೆಂಜರ್ ಹಿಡಿದು ಹೋಗಿ ಪೆಟ್ಟಿಗೆ ಬಿಚ್ಚಿದೆ. ಹೋದ ವರ್ಷದ ಆಯುಧಪೂಜೆಯಲ್ಲಿ ಅಕ್ಕ ಪೆಟ್ಟಿಗೆಯ ಹೊರಗಷ್ಟೇ ಅಲ್ಲ, ಬಾಗಿಲು ತೆಗೆಸಿ ನಾಲ್ಕೂ ಡಿಸ್ಕಿಗೆ ಅರಿಶಿನ ಕುಂಕುಮ ಇಟ್ಟಿದ್ದಳು. ಎರಡನೇ ಡಿಸ್ಕಿನ ಬೊಟ್ಟು ಸರಿಯಾಗಿ ಸೀರಿಯಲ್ ನಂಬರಿನ ಕೊನೆಯ ಮೂರು ಅಕ್ಷರದ ಮೇಲೆ. ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ ಓದಬೇಕಾಯಿತು. "ದೇವರು ಕಾಪಾಡ್ತಾನೆ ಅಂತ ಇಟ್ಟೆ ಕಣೋ" ಅಂದಳು. ಕುಂಕುಮ ಕನೆಕ್ಟರ್ ಒಳಗೆ ಹೋಗಿರಲಿಲ್ಲ, ಅಷ್ಟರ ಮಟ್ಟಿಗೆ ಕಾಪಾಡಿದ್ದ.

ಹೆಜ್ಜೆ 2: ನಿಜವಾಗಿ ಸತ್ತಿರುವುದು ಯಾವುದು?

ಪೂಲಿನಿಂದ ಹೊರಬಿದ್ದ ಡಿಸ್ಕ್ ಎಲ್ಲ ಸತ್ತ ಡಿಸ್ಕ್ ಅಲ್ಲ. ಸಡಿಲವಾದ ಸಾಟಾ ಕೇಬಲ್ಲು, ಒಳಗೆ ಕರೆಂಟ್ ಹಂಚುವ, ಸುಸ್ತಾದ ಎಸ್‌ಎಂಪಿಎಸ್ಸು ಕೂಡ ಒಳ್ಳೇ ಡಿಸ್ಕನ್ನು ಸತ್ತಂತೆ ತೋರಿಸುತ್ತವೆ. ದೊಡ್ಡ ಡಿಸ್ಕೊಂದು ತಿರುಗಲು ಶುರು ಮಾಡುವಾಗ 12 ವೋಲ್ಟಿನ ಲೈನಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ ಎಷ್ಟಾಯ್ತು ನೋಡಿ. ಹಳೇ ಅಗ್ಗದ ಎಸ್‌ಎಂಪಿಎಸ್ ಅಲ್ಲೇ ತಲೆ ಬಗ್ಗಿಸುತ್ತದೆ.

ಹಾಗಾಗಿ ಡಿಸ್ಕುಗಳನ್ನು ಬೇರೆ ಒಳ್ಳೇ ಕಂಪ್ಯೂಟರಿಗೆ, ಹೊಸ ಕೇಬಲ್ಲಿನಲ್ಲಿ, ಒಂದೊಂದಾಗಿ ಹಾಕಿ. ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್, ಅಂದರೆ ಉಬುಂಟು ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಮೊದಲ ಕೆಲಸ, ಕಿವಿ ಹತ್ತಿರ ತಂದು ಕೇಳುವುದು. ಸಣ್ಣಗೆ ಸುಯ್ ಎಂಬ ಸದ್ದು ಬಂದು ಒಂದೇ ಸಮನಾದರೆ ಸರಿ. 'ಟಕ್... ಟಕ್... ಟಕ್' ಅಂತ ಒಂದೇ ತಾಳದಲ್ಲಿ ಬಡಿದುಕೊಂಡರೆ ತಕ್ಷಣ ಆಫ್ ಮಾಡಿ. ಒಳಗೆ ಓದಿ ಬರೆಯುವ ಹೆಡ್ ಹಾದಿ ಸಿಗದೆ ಒದ್ದಾಡುತ್ತಿದೆ ಅಂತ ಅರ್ಥ. ಅಂಥ ಡಿಸ್ಕಿಗೆ ನಿಮ್ಮ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವವರು ಇನ್ನೂ ಇದ್ದಾರೆ. ಹೊರಗೆ ತೆಗೆದ ಕೂಡಲೇ ಡಿಸ್ಕು ಬೆವರುತ್ತದೆ, ಆ ನೀರೇ ಅದನ್ನು ಮುಗಿಸುತ್ತದೆ. ಮುಚ್ಚಳ ತೆಗೆದು ನೋಡುವುದಂತೂ ಬೇಡವೇ ಬೇಡ. ಹೆಡ್ಡಿಗೂ ತಟ್ಟೆಗೂ ನಡುವೆ ಇರುವುದು ಕೆಲವೇ ನ್ಯಾನೋಮೀಟರ್ ಅಂತರ. ಅಲ್ಲಿಗೆ ಒಂದು ಧೂಳಿನ ಕಣ ಅಂದರೆ ಹೆದ್ದಾರಿಗೆ ಉರುಳಿದ ಬಂಡೆ.

ಸದ್ದು ಸರಿಯಿದ್ದರೆ ಸ್ಮಾರ್ಟ್‌ಸಿಟಿಎಲ್ ಎಂಬ ಟೂಲಿನಲ್ಲಿ ಡಿಸ್ಕಿನ ಜಾತಕ ನೋಡಿ. ಪಟ್ಟಿ ಉದ್ದ ಇರುತ್ತದೆ, ಹೆದರಬೇಡಿ. ನೋಡಬೇಕಾದ್ದು ಮುಖ್ಯವಾಗಿ ಮೂರು ಸಾಲು. 5ನೇ ನಂಬರಿನದು, ಡಿಸ್ಕು ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಹೋದ ಲೆಕ್ಕ. 197ನೇದು, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಪುಟ್ಟ ಪುಟ್ಟ ತುಂಡುಗಳ) ಲೆಕ್ಕ. 199ನೇದು ಡೇಟಾ ಸಾಗುವ ದಾರಿಯಲ್ಲಾದ ತಪ್ಪಿನ ಲೆಕ್ಕ, ಬಹುಪಾಲು ಕೇಬಲ್ಲಿನದೇ ದೋಷ. ಈ 199ರ ಲೆಕ್ಕ ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಹಾಗಾಗಿ ಹಳೇ ಅಂಕಿ ನೋಡಿ ಗಾಬರಿಯಾಗಬೇಡಿ, ಹೊಸ ಕೇಬಲ್ ಹಾಕಿದ ಮೇಲೂ ಏರುತ್ತಿದೆಯಾ ಅಂತ ನೋಡಿ.

ಭಾವನ 1 ಮತ್ತು 4 ಗಟ್ಟಿಮುಟ್ಟು. 3ನೇದು ಟಕ್ ಟಕ್, ಅದೇ ಮಾರ್ಚ್‌ನಲ್ಲಿ ಹೋದದ್ದು. 2ನೇದರಲ್ಲಿ 199 ಬೆಟ್ಟದಷ್ಟಿತ್ತು, 197ರಲ್ಲಿ 24. ಕೇಬಲ್ಲೂ ಸಡಿಲ, ಡಿಸ್ಕಿಗೂ ವಯಸ್ಸಾಗಿತ್ತು. ಮಳೆ ರಾತ್ರಿ ಕೈಬಿಟ್ಟದ್ದು ಅದು.

ನಮಗೆ ಬೇಕಾದ್ದು ನಾಲ್ಕರಲ್ಲಿ ಮೂರು. ಅಂದರೆ 2ನೇದು ಬದುಕಲೇಬೇಕು. 3ನೇದನ್ನು ಹೇಗಾದರೂ ಎಬ್ಬಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಅದು ಮಾರ್ಚ್‌ಗೇ ನಿಂತ ಗಡಿಯಾರ, ಆಮೇಲೆ ಬರೆದದ್ದು ಅದರಲ್ಲಿಲ್ಲ. ಇದು ಪ್ಯಾರಿಟಿ ಇರುವ ಎಲ್ಲ ಪೂಲಿಗೂ ಅನ್ವಯಿಸುತ್ತದೆ: ಕೊನೆಗೆ ಕೈಬಿಟ್ಟ ಡಿಸ್ಕನ್ನು ಮೊದಲು ಉಳಿಸಿ.

ಹೆಜ್ಜೆ 3: ಮೂಲಕ್ಕೆ ಕೈ ಹಚ್ಚಬೇಡಿ, ನಕಲು ಮಾಡಿ

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ಬಳಲಿದ ಡಿಸ್ಕಿನಿಂದ ನೇರವಾಗಿ ಫೋಟೊ ಎಳೆಯಲು ಹೋಗಬೇಡಿ. ಅದರ ಒಂದೊಂದು ಸೆಕ್ಟರನ್ನೂ ಹೊಸ ಡಿಸ್ಕಿಗೆ ಯಥಾಪ್ರಕಾರ ಇಳಿಸಿಕೊಳ್ಳಬೇಕು. ಅದಕ್ಕೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಟೂಲಿದೆ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಲೇಬಲ್ಲಿನ ಮೇಲೆ ಎರಡರಲ್ಲೂ 4 ಟಿಬಿ ಅಂತಿದ್ದರೂ ಬೈಟ್ ಲೆಕ್ಕ ನೋಡಿಕೊಳ್ಳಿ.

ಡಿಡಿರೆಸ್ಕ್ಯೂ ಬುದ್ಧಿವಂತ. ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ತೊಡಕಿರುವ ಜಾಗ ಬಂದರೆ ಅಲ್ಲಿ ಗುದ್ದಾಡದೆ ಹಾರಿ ಮುಂದೆ ಹೋಗುತ್ತದೆ. ಎಲ್ಲಿ ಹಾರಿದೆ ಅನ್ನುವುದನ್ನು ಮ್ಯಾಪ್ ಫೈಲ್ ಎಂಬ ಪುಟ್ಟ ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲಿದ್ದರೆ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಲೈವ್ ಪೆನ್‌ಡ್ರೈವಿನಲ್ಲಿ ಬರೆದದ್ದು ಆಫ್ ಮಾಡಿದರೆ ಸಾಮಾನ್ಯವಾಗಿ ಮಾಯ. ಹಾಗಾಗಿ ಮ್ಯಾಪ್ ಫೈಲನ್ನು ಇನ್ನೊಂದು ಪೆನ್‌ಡ್ರೈವಿನಲ್ಲಿ ಇಡಿ.

ಮೊದಲ ಸುತ್ತಿಗೆ ಮೈನಸ್ ಡಿ, ಮೈನಸ್ ಎನ್ ಎರಡನ್ನೂ ಕೊಡಿ (ಈ ಹೆಜ್ಜೆಯಲ್ಲಿ ಎಲ್ಲವೂ ಚಿಕ್ಕ ಅಕ್ಷರ). ಮೊದಲನೆಯದು ಡಿಸ್ಕಿನಿಂದ ನೇರವಾಗಿ ಓದು ಅಂತ, ಎರಡನೆಯದು ಕೆಟ್ಟ ಜಾಗವನ್ನು ಕೆರೆಯುತ್ತಾ ಕೂರಬೇಡ ಅಂತ. ಡಿಸ್ಕಿನ ಮೇಲೇ ಬರೆಯುವುದರಿಂದ ಮೈನಸ್ ಎಫ್ ಕೂಡ ಕೇಳುತ್ತದೆ. ಎರಡನೇ ಸುತ್ತಿಗೆ ಎನ್ ತೆಗೆದು ಮೈನಸ್ ಆರ್ 3 ಕೊಡಿ, ಬಾಕಿ ಜಾಗಗಳಿಗೆ ಮೂರು ಸಲ ಮತ್ತೆ ಪ್ರಯತ್ನಿಸುತ್ತದೆ. ಮ್ಯಾಪ್ ಫೈಲ್ ಎರಡೂ ಸಲ ಅದೇ.

ಈಗ ಎದೆ ಹೊಡೆದುಕೊಳ್ಳುವ ವಿಷಯ. ಕಮಾಂಡಿನಲ್ಲಿ ಮೊದಲು ಬರುವ ಹೆಸರು ಹಳೇ ಡಿಸ್ಕ್, ಆಮೇಲಿನದು ಹೊಸತು. ಹಿಂದುಮುಂದಾದರೆ ಖಾಲಿ ಡಿಸ್ಕು ಒಂಬತ್ತು ವರ್ಷದ ಮದುವೆಗಳ ಮೇಲೆ ಕೂರುತ್ತದೆ. ಎಂಟರ್ ಒತ್ತುವ ಮುಂಚೆ ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಲ್ಲಿ ಸೀರಿಯಲ್ ನಂಬರ್ ತೆಗೆದು, ಹಾಳೆಯಲ್ಲಿ ಬರೆದದ್ದಕ್ಕೆ ತಾಳೆ ನೋಡಿ. ನಾನು ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ಅಕ್ಷರ ಜೋರಾಗಿ ಓದಿಸಿದೆ. ಮದುವೆ ಲಗ್ನಪತ್ರಿಕೆ ಓದುವ ಹಾಗೆ ಓದಿದರು.

ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೆ 4 ಟಿಬಿಗೆ ಏಳೂವರೆ ಗಂಟೆ ಬೇಕು. ಕೆಟ್ಟ ಜಾಗ ಬಂದಾಗ ವೇಗ ಸೊನ್ನೆ ಹತ್ತಿರ ಇಳಿಯುತ್ತದೆ, ನಿಂತೇಹೋಯಿತು ಅನ್ನಿಸುತ್ತದೆ. ಬಿಟ್ಟುಬಿಡಿ. ಡಿಸ್ಕನ್ನು ಮೇಜಿನ ಮೇಲೆ ಮಲಗಿಸಿ, ಟೇಬಲ್ ಫ್ಯಾನ್ ತಿರುಗಿಸಿಡಿ. ಏಪ್ರಿಲ್ ಸೆಕೆಯಲ್ಲಿ ಗಾಳಿ ಇಲ್ಲದೆ ಓಡಿಸಿದರೆ ಬೇಗ ಕಾಯುತ್ತದೆ. ಯುಪಿಎಸ್ ಇದ್ದರೆ ಅದಕ್ಕೇ ಸಿಕ್ಕಿಸಿ. ನಮ್ಮಲ್ಲಿ ಮೊದಲ ಸುತ್ತು ರಾತ್ರಿ ಎಂಟಕ್ಕೆ ಮುಗಿಯಿತು. ಎರಡನೇ ಸುತ್ತು ಮಾರನೇ ದಿನ ಮಧ್ಯಾಹ್ನದವರೆಗೆ ಎಳೆಯಿತು. ಕೊನೆಗೆ ಸಿಗದೆ ಉಳಿದದ್ದು ಬರೀ 20 ಕೆಬಿ.

ಹೆಜ್ಜೆ 4: ಓದುವುದಕ್ಕೆ ಮಾತ್ರ ತೆರೆಯಿರಿ

ಮೂಲ 2ನೇ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ನಕಲು ಮತ್ತು ಮೂಲ ಎರಡೂ ಒಟ್ಟಿಗೆ ಸಿಕ್ಕಿಸಿದ್ದರೆ ಪೂಲಿಗೆ ಗೊಂದಲ, ಅವಳಿ ಮಕ್ಕಳ ಹಾಜರಿ ತೆಗೆದ ಹಾಗೆ. 1, 4 ಮತ್ತು 2ರ ನಕಲು ಹಾಕಿ ಬೂಟ್ ಮಾಡಿ. ಯಾವ ಪೋರ್ಟಿಗೆ ಯಾವುದು ಅನ್ನುವ ಚಿಂತೆ ಬೇಡ. ಝಡ್‌ಎಫ್‌ಎಸ್ ಪ್ರತಿ ಡಿಸ್ಕಿನ ಆದಿಯಲ್ಲಿ ಎರಡು, ಅಂತ್ಯದಲ್ಲಿ ಎರಡು ಗುರುತುಚೀಟಿ ಬರೆದಿಟ್ಟಿರುತ್ತದೆ. ಅದನ್ನೇ ಓದಿ ಹೊಂದಿಸಿಕೊಳ್ಳುತ್ತದೆ.

ಲೈವ್ ಉಬುಂಟುವಿನಲ್ಲಿ ಝಡ್‌ಎಫ್‌ಎಸ್ ಟೂಲು ಇಲ್ಲದಿದ್ದರೆ ಹಾಕಿಕೊಳ್ಳಿ. ಮೊದಲು ಬರೀ ಝಡ್‌ಪೂಲ್ ಇಂಪೋರ್ಟ್ ಅಂತ ಕೊಡಿ. ಇದು ಏನನ್ನೂ ತೆರೆಯುವುದಿಲ್ಲ, ಏನೇನು ಸಿಕ್ಕಿದೆ ಅಂತ ತೋರಿಸುತ್ತದೆ. 'ಡಿಗ್ರೇಡೆಡ್' ಅಂತ ಕಂಡರೆ ಖುಷಿಪಡಿ. ಇಂಥ ಹೊತ್ತಲ್ಲಿ ಅದು ಶುಭ ಸಮಾಚಾರ. ಆಮೇಲೆ ರೀಡ್‌ಓನ್ಲಿ ಈಕ್ವಲ್ಸ್ ಆನ್ ಎಂಬ ಆಯ್ಕೆ ಸೇರಿಸಿ ಪೂಲಿನ ಹೆಸರು ಕೊಟ್ಟು ತೆರೆಯಿರಿ. ಬೇರೆ ಕಂಪ್ಯೂಟರಿನ ಪೂಲ್ ಅಂತ ತಕರಾರು ತೆಗೆದರೆ ಚಿಕ್ಕ ಅಕ್ಷರದ ಮೈನಸ್ ಎಫ್ ಸೇರಿಸಬೇಕು.

ಅಷ್ಟಕ್ಕೂ ಒಪ್ಪದಿದ್ದರೆ ದೊಡ್ಡ ಎಫ್. ಝಡ್‌ಎಫ್‌ಎಸ್ ಬರೆಯುವುದನ್ನು ಕಂತು ಕಂತಾಗಿ, ಸಾಮಾನ್ಯವಾಗಿ 5 ಸೆಕೆಂಡಿಗೊಂದರಂತೆ ಮುಗಿಸುತ್ತದೆ. ಕೊನೆಯ ಕಂತು ಅರ್ಧಕ್ಕೆ ನಿಂತಿದ್ದರೆ ದೊಡ್ಡ ಎಫ್ ಅದನ್ನು ಬಿಟ್ಟು ಹಿಂದಿನ ಕಂತಿಗೆ ಹೋಗುತ್ತದೆ. ಕೊನೆಯ ಕೆಲವು ಸೆಕೆಂಡಿನ ಬರಹ ಹೋಗುತ್ತದೆ, ಮಿಕ್ಕದ್ದು ಸಿಗುತ್ತದೆ. ದೊಡ್ಡ ಎಫ್ ಜೊತೆ ಚಿಕ್ಕ ಎನ್ ಸೇರಿಸಿದರೆ, ಏನೂ ಬದಲಿಸದೆ ಇದು ಆಗುತ್ತಾ ಇಲ್ವಾ ಅಂತ ಮಾತ್ರ ಹೇಳುತ್ತದೆ. ಮೊದಲು ಅದನ್ನೇ ಮಾಡಿ. ನಮಗೆ ಚಿಕ್ಕ ಎಫ್‌ಗೇ ತೆರೆದುಕೊಂಡಿತು. ಫೋಲ್ಡರ್ ಪಟ್ಟಿ ಬಂದಾಗ ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ನಕಲು ಇಳಿಸುವುದು. ಆರ್‌ಸಿಂಕ್ ಎಂಬ ಫೈಲ್ ನಕಲಿಸುವ ಟೂಲ್ ಬಳಸಿ, ಇನ್ನೊಂದು ಖಾಲಿ ಡಿಸ್ಕಿಗೆ. ಭಾವನ ಫೋಟೊ ಆರೂವರೆ ಟಿಬಿ ಇದ್ದದ್ದರಿಂದ 8 ಟಿಬಿಯದು ಬೇಕಾಯಿತು. "ಒಂದ್ ಮದುವೆ ಅಡ್ವಾನ್ಸ್ ಹೋಯ್ತಲ್ಲಪ್ಪ" ಅಂತ ಗೊಣಗಿದರು. ಎಲ್ಲಕ್ಕಿಂತ ಮುಖ್ಯವಾದ ಫೋಲ್ಡರ್ ಮೊದಲು ಇಳಿಸಿ, ಸಿನಿಮಾ ಗಿನಿಮಾ ಆಮೇಲೆ. ಓದಲಾಗದ ಫೈಲ್ ಬಂದರೆ ಆರ್‌ಸಿಂಕ್ ದೂರು ಹೇಳಿ ಮುಂದೆ ಸಾಗುತ್ತದೆ. ಮುಗಿದ ಮೇಲೆ ಝಡ್‌ಪೂಲ್ ಸ್ಟೇಟಸ್ ಮೈನಸ್ ವಿ ಕೊಟ್ಟರೆ ಕೆಟ್ಟ ಫೈಲುಗಳ ಹೆಸರನ್ನೇ ಹೇಳುತ್ತದೆ. ಈ ಒಂದು ಗುಣಕ್ಕೇ ನನಗೆ ಝಡ್‌ಎಫ್‌ಎಸ್ ಇಷ್ಟ. ಏನು ಹೋಯಿತು ಅಂತ ಗೊತ್ತಾಗುತ್ತದೆ.

ನಿಮ್ಮದು ಬೇರೆ ಬಗೆಯ ಪೂಲ್ ಆಗಿದ್ದರೆ

ಮರ್ಜರ್‌ಎಫ್‌ಎಸ್ ಅಥವಾ ಡ್ರೈವ್‌ಪೂಲ್ ಆಗಿದ್ದರೆ ಅದೃಷ್ಟವಂತರು. ಅವುಗಳಲ್ಲಿ ಒಂದೊಂದು ಡಿಸ್ಕೂ ಸ್ವತಂತ್ರ. ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಅದರ ಪಾಲಿನ ಫೈಲುಗಳು ಹಾಗೇ ಕಾಣುತ್ತವೆ. ಡ್ರೈವ್‌ಪೂಲಿನಲ್ಲಿ ಮಾತ್ರ ಅಡಗಿಸಿಟ್ಟ ಫೋಲ್ಡರಿನೊಳಗೆ ಹುಡುಕಬೇಕು.

ಲಿನಕ್ಸಿನ ಎಂಡಿ ರೇಡ್ ಆಗಿದ್ದರೆ ಎಂಡಿಆಡ್ಮ್ ಎಗ್ಸಾಮಿನ್ ಕೊಟ್ಟು ಪ್ರತಿ ಡಿಸ್ಕಿನ ಈವೆಂಟ್ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ತೀರಾ ಹಿಂದಿರುವುದು ಹಳೇ ಡಿಸ್ಕ್, ಅದನ್ನು ಬಿಡಿ. ಹತ್ತಿರ ಹತ್ತಿರ ಇರುವವುಗಳ ನಕಲು ತೆಗೆದು ಅಸೆಂಬಲ್ ಫೋರ್ಸ್. 'ಕ್ರಿಯೇಟ್' ಎಂಬ ಪದ ಯಾರು ಹೇಳಿದರೂ ಟೈಪ್ ಮಾಡಬೇಡಿ, ಅದು ಹೊಸ ಪೂಲ್ ಕಟ್ಟುವ ಕಮಾಂಡು. ಎಫ್‌ಎಸ್‌ಸಿಕೆ ಎಂಬ ತಪ್ಪು ಹುಡುಕಿ ತಿದ್ದುವ ಕಮಾಂಡ್ ಕೂಡ ನಕಲಿನ ಮೇಲೆ ಮಾತ್ರ.

ಎರಡು ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಧೂಳಿಲ್ಲದ ಕೋಣೆ (ಕ್ಲೀನ್ ರೂಮ್) ಇರುವ ರಿಕವರಿ ಲ್ಯಾಬೇ ದಾರಿ. ಪೂಲಿನ ಎಲ್ಲ ಡಿಸ್ಕನ್ನೂ ನಂಬರ್ ಸಮೇತ ಕೊಡಿ. ಡೇಟಾ ಬರದಿದ್ದರೆ ಎಷ್ಟು ದುಡ್ಡು ಅಂತ ಮೊದಲೇ ಬರೆಸಿಕೊಳ್ಳಿ.

ಎಲ್ಲ ಸಿಕ್ಕ ಮೇಲೆ ಹಳೇ ಡಿಸ್ಕುಗಳನ್ನು ಕೂಡಲೇ ಅಳಿಸಬೇಡಿ. ಫೋಟೊ ಅಲ್ಲೊಂದು ಇಲ್ಲೊಂದು ತೆರೆದು ನೋಡುತ್ತಾ ಒಂದು ತಿಂಗಳು ಬಿಡಿ. ಭಾವ ಹೊಸ ಪೂಲಿಗೆ ಈ ಸಲ ಎರಡು ಡಿಸ್ಕ್ ಹೋದರೂ ತಡೆಯುವ ಜೋಡಣೆ ಹಾಕಿಸಿಕೊಂಡರು. ನಾನು ಇಮೇಲ್ ಎಚ್ಚರಿಕೆ ಹಾಕಿ, ನನ್ನ ಫೋನಿಗೂ ಬರುವಂತೆ ಮಾಡಿದೆ. 8 ಟಿಬಿ ಡಿಸ್ಕು ಈಗ ಸ್ಟುಡಿಯೊದ ಬೀರುವಿನಲ್ಲಿದೆ, ತಿಂಗಳಿಗೊಮ್ಮೆ ಮನೆಗೆ ಬಂದು ಹೊಸ ಫೋಟೊ ತುಂಬಿಸಿಕೊಂಡು ಹೋಗುತ್ತದೆ.

ಕೆಟ್ಟ ಫೈಲುಗಳ ಪಟ್ಟಿಯಲ್ಲಿ ಇದ್ದದ್ದು ಮೂರೇ ಹೆಸರು, ಮೂರೂ ಮದ್ದೂರಿನ ಒಂದು ಬೀಗರೂಟದವು. ಭಾವ ಹಿಂದಿನ ಮುಂದಿನ ಫೋಟೊ ತೆಗೆದು ನೋಡಿದರು. ಪಂಕ್ತಿಯಲ್ಲಿ ಕೂತ ಅದೇ ಜನ, ಅದೇ ಎಲೆ, ಒಬ್ಬರು ಮುದ್ದೆ ಮುರಿಯುತ್ತಿದ್ದಾರೆ. "ಇವು ಆಲ್ಬಮ್ಮಿಗೂ ಹೋಗಿರಲಿಲ್ಲ ಬಿಡು" ಅಂದರು.