ವಾಲಗದ ಡೋಲಿನಿಂದ 10 ಸೆಕೆಂಡ್

ಅಪ್ಪನ ಮದುವೆ ಕಾಲದ ಒಂದು ನಾದಸ್ವರದ ಎಲ್‌ಪಿ ನಮ್ಮನೆ ಅಟ್ಟದಲ್ಲಿತ್ತು. ಅದರ ಎರಡನೇ ಬದಿಯಲ್ಲಿ ನಾದಸ್ವರ ನಿಂತು ಡೋಲು ಮಾತ್ರ ಮಾತಾಡುವ ಒಂದು ಜಾಗ ಬರುತ್ತದೆ, ಹೆಚ್ಚೆಂದರೆ ಅರ್ಧ ನಿಮಿಷ. ಕೇಳಿದ ಕೂಡಲೇ ಸೂಜಿ ಎತ್ತಿ ಮತ್ತೆ ಅಲ್ಲಿಗೇ ಇಟ್ಟೆ. ಇದು ಬ್ರೇಕ್!

ಹಿಪ್ ಹಾಪ್ ಹುಟ್ಟಿದ್ದೇ ಇಂಥ ಜಾಗಗಳಿಂದ ಅಲ್ವಾ. 1973ರ ಆಗಸ್ಟ್ 11ಕ್ಕೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ತಂಗಿ ಏರ್ಪಡಿಸಿದ್ದ ಪಾರ್ಟಿಗೆ ರೆಕಾರ್ಡ್ ಹಾಕಿದವರು ಡಿಜೆ ಕೂಲ್ ಹರ್ಕ್. ಹಾಡು ನಿಂತು ಡ್ರಮ್ಸ್ ಉಳಿಯುವಲ್ಲಿ ಜನ ಜಾಸ್ತಿ ಕುಣಿಯುತ್ತಾರೆ ಅನ್ನುವುದನ್ನು ಅವರು ಗಮನಿಸಿದರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಶುರು ಮಾಡಿ, ಆ ಕೆಲವು ಸೆಕೆಂಡುಗಳನ್ನು ನಿಮಿಷಗಟ್ಟಲೆ ಎಳೆದರು. ಆಮೇಲೆ ಅದೇ ಕೆಲಸಕ್ಕೆ ಮಷಿನ್ ಬಂತು.

ನನಗೆ ತುಂಬಾ ಇಷ್ಟವಾದ ಮಷಿನ್ 1987ರ, ಇ-ಮ್ಯೂ ಕಂಪನಿಯ ಎಸ್‌ಪಿ-1200. ಅದರಲ್ಲಿ ಒಟ್ಟು 10 ಸೆಕೆಂಡ್ ಮಾತ್ರ ಸ್ಯಾಂಪಲ್ (ರೆಕಾರ್ಡಿನಿಂದ ಎತ್ತಿಕೊಂಡ ಸದ್ದು) ಹಿಡಿಯುತ್ತಿತ್ತು, ಒಂದೊಂದು ತುಂಡಿಗೆ 2.5 ಸೆಕೆಂಡ್ ಮಿತಿ. ಲೆಕ್ಕ ಹಾಕಿ ನೋಡಿ: 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಪೆಟ್ಟಿನ ವೇಗದಲ್ಲಿ, ನಾಲ್ಕು ಪೆಟ್ಟಿನ ಒಂದು ಬಾರ್‌ಗೆ ಸುಮಾರು 2.67 ಸೆಕೆಂಡ್. ಒಂದೇ ಒಂದು ಬಾರ್ ಕೂಡ ಹಿಡಿಸುವುದಿಲ್ಲ! ಅದಕ್ಕೇ ಬೀಟ್ ಕಟ್ಟುವವರು ನಿಮಿಷಕ್ಕೆ 33 ಸುತ್ತಿನ ಎಲ್‌ಪಿಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ, ಬೇಗ ಬೇಗ ಹಿಡಿದುಕೊಂಡು, ಮಷಿನ್ ಒಳಗೆ ಮತ್ತೆ ನಿಧಾನ ಮಾಡುತ್ತಿದ್ದರು. ಹಾಗೆ ನಿಧಾನ ಮಾಡಿದಾಗ ಸದ್ದು ಒರಟಾಗುತ್ತದೆ, ಡ್ರಮ್ ದಪ್ಪಗಾಗುತ್ತದೆ. ಆ ಕಾಲದ ಬೀಟ್‌ಗಳಲ್ಲಿ ನಾವು ಮೆಚ್ಚುವ ಒರಟುತನದಲ್ಲಿ ಈ ಉಪಾಯದ ಪಾಲೂ ಇದೆ.

ನನ್ನ ಹತ್ತಿರ ಆ ಮಷಿನ್ ಇಲ್ಲ, ಲ್ಯಾಪ್‌ಟಾಪ್ ಮತ್ತು ಬೆರಳಲ್ಲಿ ಒತ್ತಿ ಸದ್ದು ನುಡಿಸುವ 16 ಪ್ಯಾಡಿನ ಒಂದು ಸಣ್ಣ ಕಂಟ್ರೋಲರ್ ಇದೆ. ಆದರೂ ನಿಯಮ ಹಾಕಿಕೊಂಡೆ: ಈ ಎಲ್‌ಪಿಯಿಂದ 10 ಸೆಕೆಂಡ್ ಅಷ್ಟೇ, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ.

ಮೊದಲು ಸುಮ್ನೆ ಎರಡು ಬಾರ್ ಕತ್ತರಿಸಿ ಲೂಪ್ ಮಾಡಿದೆ, ಅಂದರೆ ಅದನ್ನೇ ಮತ್ತೆ ಮತ್ತೆ ಸುತ್ತಿಸಿದೆ. ಕೂಡಲಿಲ್ಲ. ಡೋಲಿನವರು ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಕೇಳಿಕೊಂಡು ನುಡಿಸಿದ್ದಲ್ಲ, ಹುರುಪು ಬಂದ ಕಡೆ ಲಯ ಸ್ವಲ್ಪ ಓಡಿದೆ. ಹಾಗಾಗಿ ಒಂದೊಂದು ಪೆಟ್ಟನ್ನೂ ಬಿಡಿಸಿದೆ. ಎಡಗಡೆಯ ಕೋಲಿನ ಗುಮ್ಮೆನ್ನುವ ಏಟು ಡ್ರಮ್ಸ್‌ನ ಕಿಕ್ ಆಯಿತು, ಬಲಗೈ ಬೆರಳ ಕವಚದ ಚಟ್ ಅನ್ನುವ ಸದ್ದು ಸ್ನೇರ್ ಆಯಿತು. ಒಟ್ಟು 14 ತುಂಡು.

ಆಗ ಬಂತು ಶ್ರುತಿಯ ತಾಪತ್ರಯ. ಪ್ರತಿ ಪೆಟ್ಟಿನ ಹಿಂದೆಯೂ ಶ್ರುತಿ ನಿಂತಿದೆ, ಒಂದು ತುಂಡನ್ನು ಕೆಳಗಿಳಿಸಿದರೆ ಅದರ ಶ್ರುತಿಯೂ ಇಳಿದು ಪಕ್ಕದ ತುಂಡಿನ ಜೊತೆ ಜಗಳವಾಡುತ್ತದೆ. ಫಿಲ್ಟರ್ ಹಾಕಿ ಅದನ್ನು ತೆಗೆಯಲು ಹೋದರೆ ಡೋಲೇ ಸತ್ತುಹೋಯಿತು. ಎರಡು ವಾರ ಒದ್ದಾಡಿದ ಮೇಲೆ ಎಲ್ಲ ತುಂಡುಗಳನ್ನೂ ಒಂದೇ ಅಳತೆಗೆ ಇಳಿಸಿ, ಆ ಶ್ರುತಿಯನ್ನೇ ಷಡ್ಜ ಅಂದುಕೊಂಡು ಬೇಸ್ ಸೇರಿಸಿದೆ. ಪ್ಯಾಡ್ ಒತ್ತಿದಾಗಲೆಲ್ಲ ಶ್ರುತಿ ಬಂದು ಕತ್ತರಿಸಿ ಹೋಗುತ್ತದೆ, ಯಾರೋ ಉಸಿರು ಹಿಡಿದು ಬಿಟ್ಟ ಹಾಗೆ. ಇಡೀ ಬೀಟಿನಲ್ಲಿ ನನಗೆ ಅತಿ ಪ್ರೀತಿಯ ಸದ್ದು ಅದೇ.

ಪೆಟ್ಟುಗಳನ್ನು ತಾನಾಗಿ ಲೆಕ್ಕದ ಜಾಗಕ್ಕೆ ಕೂರಿಸುವ ಕ್ವಾಂಟೈಜ್ ಹಾಕಲಿಲ್ಲ. ಅಮೆರಿಕದ ಹಿಪ್ ಹಾಪ್ ಬೀಟ್ ಕಟ್ಟುಗಾರ ಜೆ ಡಿಲ್ಲಾ ಎಂಪಿಸಿ 3000 ಅನ್ನುವ ಸ್ಯಾಂಪಲ್ ಮಷಿನ್ ಮೇಲೆ ಕೈಯಿಂದಲೇ ಹೊಡೆದು ಸ್ನೇರ್, ಕಿಕ್‌ಗಳನ್ನು ಕೂದಲೆಳೆಯಷ್ಟು ಆಚೀಚೆ ಬಿಡುತ್ತಿದ್ದರಲ್ಲ, ಅದನ್ನು ಕೇಳಿ ಕೇಳಿ ಬೆಳೆದವನು ನಾನು. ಅವರ ಆ ಮಷಿನ್ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಬೀಟ್ ಮುಗಿಯಿತು, ಆದರೆ ಬಿಡುಗಡೆ ಮಾಡಲು ಮನಸ್ಸು ಬರಲಿಲ್ಲ. ಎಲ್‌ಪಿ 1978ರದ್ದು. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಕಂಪನಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಅದಕ್ಕಿಂತ ನೋವಾಗಿದ್ದು ಇನ್ನೊಂದು: ಕವರಿನ ಮೇಲೆ ನಾದಸ್ವರದವರ ಹೆಸರಿದೆ, ಡೋಲಿನವರ ಹೆಸರೇ ಇಲ್ಲ. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಗ್ರೆಗರಿ ಕೋಲ್‌ಮನ್ ನುಡಿಸಿದ ನಾಲ್ಕು ಬಾರ್, ಅಂದರೆ 7 ಸೆಕೆಂಡ್, ಸಾವಿರಾರು ಹಾಡುಗಳಿಗೆ ಹೋಯಿತು. ಅದನ್ನೇ ಆಮೆನ್ ಬ್ರೇಕ್ ಅನ್ನುತ್ತಾರೆ. ಅವರು 2006ರಲ್ಲಿ ತೀರಿಕೊಂಡರು, ಅದರಿಂದ ಒಂದು ಪೈಸೆ ರಾಯಲ್ಟಿ ಸಿಗದೆ. ನಾನೂ ಅದನ್ನೇ ಮಾಡುವುದಾ?

ನಮ್ಮ ಬೀದಿಯ ದೇವಸ್ಥಾನದ ಉತ್ಸವಕ್ಕೆ ಬರುವ ಡೋಲಿನ ಹಿರಿಯರೊಬ್ಬರ ಮನೆಗೆ ಹೋದೆ. ಅವರು ಮದುವೆಗೆ ತೆಗೆದುಕೊಳ್ಳುವಷ್ಟೇ ದುಡ್ಡು ಕೊಟ್ಟು, ಶ್ರುತಿ ಹಾಕಿಕೊಂಡು ಅರ್ಧ ಗಂಟೆ ರೆಕಾರ್ಡ್ ಮಾಡಿದೆ. ಹಾಡಿನಲ್ಲಿ ಅವರ ಹೆಸರು ಹಾಕುತ್ತೇನೆ, ಬಂದದ್ದರಲ್ಲಿ ಅರ್ಧ ಅವರಿಗೆ ಅಂತ ಕಾಗದದ ಮೇಲೆ ಬರೆದುಕೊಟ್ಟೆ. ಮತ್ತೆ 10 ಸೆಕೆಂಡ್ ಆರಿಸಿ, ಕತ್ತರಿಸಿ, ಬೀಟನ್ನು ಮೊದಲಿಂದ ಕಟ್ಟಿದೆ.

ಕೇಳಿಸಿದಾಗ ತೊಡೆಯ ಮೇಲೆ ತಾಳ ಹಾಕುತ್ತಾ ಕೂತರು. "ಏನಪ್ಪಾ, ನಾಲ್ಕನೇ ಪೆಟ್ಟು ತಡವಾಗಿ ಬೀಳ್ತಿದೆಯಲ್ಲ?" ಅಂದರು. ಬೇಕಂತಲೇ ಹಾಗೆ ಬಿಟ್ಟಿದ್ದು ಗುರುಗಳೇ, ಅಂದೆ. ಇನ್ನೊಂದು ಸಲ ಹಾಕು ಅಂದರು. ಆಮೇಲೆ ಬೆರಳಿಗೆ ಕವಚ ತೊಟ್ಟುಕೊಂಡು, ಡೋಲು ಮಡಿಲಿಗೆ ಎಳೆದುಕೊಂಡು, ಆ ತಡವನ್ನೂ ಸೇರಿಸಿ ಇಡೀ ಬೀಟನ್ನು ಕೈಯಲ್ಲೇ ನುಡಿಸಿದರು. ನಾನು ಓಡಿಹೋಗಿ ಮೈಕ್ ಆನ್ ಮಾಡಿದೆ.