‘ಧೈರ್ಯವಾಗಿರಿ’ ಅನ್ನೋದನ್ನು ಬಿಟ್ಟ ಮೇಲೆ

ಐಸಿಯುಗೆ ನರ್ಸ್ ಆಗಿ ಸೇರಿದ ಹೊಸದರಲ್ಲಿ ನನ್ನ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು ಒಂದೇ: "ಧೈರ್ಯವಾಗಿರಿ, ಏನೂ ಆಗಲ್ಲ." ಹೊರಗೆ ಕಾಯುತ್ತಿದ್ದವರು ನನ್ನ ಮುಖ ನೋಡಿದರೆ ಸಾಕು, ಅದು ತಾನಾಗಿ ಬಂದುಬಿಡುತ್ತಿತ್ತು. ಅವರಿಗೆ ಸಮಾಧಾನ ಆಗುತ್ತೆ ಅಂತ ನಿಜವಾಗಿಯೂ ನಂಬಿದ್ದೆ.

ಒಬ್ಬ ಪೇಶೆಂಟ್‌ನ ಮಗಳು ಆ ನಂಬಿಕೆ ಬಿಡಿಸಿದರು. ಅವರ ತಾಯಿಗೆ ಸೋಂಕು ಮೈಯೆಲ್ಲ ಹರಡಿ, ವೆಂಟಿಲೇಟರ್ ಹಾಕಿದ್ದೆವು. ಮೂರನೇ ದಿನ. ಮಗಳು ಮಂಚದ ಕಾಲಬದಿ ನಿಂತು ಬರೀ ಮಾನಿಟರ್ ನೋಡುತ್ತಿದ್ದರು. ನಾನು ಎಂದಿನಂತೆ ಧೈರ್ಯ ಹೇಳಿದೆ. "ಸಿಸ್ಟರ್, ನೀವು ಹಾಗಂದುಬಿಟ್ಟರೆ ನಾನು ಏನು ಕೇಳಲಿ?" ಅಂದರು. ದನಿಯಲ್ಲಿ ಕೋಪ ಇರಲಿಲ್ಲ.

ಒಂದು ಸ್ಟೂಲ್ ತಂದುಕೊಟ್ಟು ಪಕ್ಕದಲ್ಲಿ ಕೂತೆ. "ಡಾಕ್ಟರ್ ಹೇಳಿದ್ದರಲ್ಲಿ ನಿಮಗೆ ಏನು ಅರ್ಥ ಆಯ್ತು?" ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಇಷ್ಟೇ: "ಅಮ್ಮನ್ನ ಮುಟ್ಟಬಹುದಾ?"

ಮೂರು ದಿನ ಅವರು ತಾಯಿಯನ್ನು ಮುಟ್ಟಿರಲಿಲ್ಲ. ಯಾವುದಾದರೂ ಪೈಪು ಕಳಚಿಬಿಟ್ಟರೆ ಅನ್ನೋ ಭಯ. ನಾವು ಯಾರೂ ಬೇಡ ಅಂದಿರಲಿಲ್ಲ, ಹತ್ತಿರ ಬನ್ನಿ ಅಂತಲೂ ಅಂದಿರಲಿಲ್ಲ. ನಾನು ಎಡಗೈ ಮೇಲಿನ ಹೊದಿಕೆ ಸರಿಸಿದೆ. ಬೆರಳಿಗೆ ಆಕ್ಸಿಮೀಟರ್ ಕ್ಲಿಪ್, ಮಣಿಕಟ್ಟಿನ ಹತ್ತಿರ ಟೇಪು ಹಾಕಿದ ಸೂಜಿ. "ಇಲ್ಲಿಂದ ಇಲ್ಲೀವರೆಗೆ ಹಿಡ್ಕೊಳ್ಳಿ, ಏನೂ ಕಳಚಲ್ಲ" ಅಂತ ತೋರಿಸಿದೆ. ಹಿಡಿದರು. "ಇಷ್ಟೊಂದು ಊದಿದೆ ಯಾಕೆ?" ಅಂದರು. ಡ್ರಿಪ್‌ನಲ್ಲಿ ಕೊಟ್ಟ ನೀರು ರಕ್ತನಾಳದಿಂದ ಸೋರಿ ಚರ್ಮದಡಿ ನಿಂತಿದೆ ಅಂತ ವಿವರಿಸಿದೆ. ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಕೊನೆಯದು, "ಉಳೀತಾರಾ?" "ಉಳಿಯದೇ ಇರಬಹುದು ಅನ್ನೋ ಭಯ ನಮಗೂ ಇದೆ. ಸಂಜೆ ಡಾಕ್ಟರ್ ಕೂತು ಮಾತಾಡ್ತಾರೆ, ನಾನೂ ಇರ್ತೀನಿ" ಅಂದೆ. ಅವರು ಅತ್ತರು. ನಾನು ಮಾತಾಡದೆ ಕೂತೆ.

ಆವತ್ತಿನಿಂದ ಮನೆಯವರಿಗೆ ಕಾರಿಡಾರ್‌ನಲ್ಲಿ ನಿಂತು ಸುದ್ದಿ ಹೇಳೋದನ್ನು ಬಿಟ್ಟೆ. ಒಂದು ಕೋಣೆ, ಎಲ್ಲರಿಗೂ ಕುರ್ಚಿ, ಫೋನ್ ಸೈಲೆಂಟ್. ಮೊದಲು ಮಾತಾಡಬೇಕಾದವರು ಅವರು. ಫ್ರಾನ್ಸ್‌ನ 22 ಐಸಿಯುಗಳಲ್ಲಿ ಮಾಡಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದ ಮೇಲೆ ಇದರಲ್ಲಿ ನನ್ನ ನಂಬಿಕೆ ಗಟ್ಟಿಯಾಯಿತು. ಅಲ್ಲಿ ಡಾಕ್ಟರು ಮನೆಯವರ ಜೊತೆ ಕೂತು ಮಾತಾಡುವ ಮಾಮೂಲಿ ಭೇಟಿ ಸುಮಾರು 20 ನಿಮಿಷ ಇತ್ತು, ಮನೆಯವರು ಮಾತಾಡಿದ್ದು 5 ನಿಮಿಷ. ಕೇಳಿಸಿಕೊಳ್ಳೋಕೆ ಅಂತಲೇ ರೂಪಿಸಿದ ಭೇಟಿಗಳಲ್ಲಿ 30 ನಿಮಿಷಕ್ಕೆ 14 ನಿಮಿಷ ಅವರೇ ಮಾತಾಡಿದರು. ಅಂಥ ಭೇಟಿಯ ಜೊತೆ, ಆಪ್ತರನ್ನು ಕಳೆದುಕೊಂಡವರಿಗಾಗಿ ಬರೆದ ಒಂದು ಪುಸ್ತಿಕೆಯನ್ನೂ ಕೊಟ್ಟಿದ್ದರು. ಮೂರು ತಿಂಗಳ ನಂತರ ಆ ಮನೆಯವರಲ್ಲಿ ಆತಂಕ, ಖಿನ್ನತೆ ಕಡಿಮೆ ಇತ್ತು. ಹತ್ತು ನಿಮಿಷ ಜಾಸ್ತಿ, ಅಷ್ಟೇ ಅಲ್ವಾ! ಆದರೆ ತುಂಬಿದ ವಾರ್ಡಿನಲ್ಲಿ ಆ ಹತ್ತು ನಿಮಿಷ ಹೊಂದಿಸೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದಕ್ಕೇ ನನ್ನ ಶಿಫ್ಟ್ ಶುರುವಾದ ಕೂಡಲೇ ಭೇಟಿಯ ಸಮಯ ಗುರುತು ಹಾಕಿಡುತ್ತೇನೆ.

ಇನ್ನೊಂದು ಭಯ ಡೆಲಿರಿಯಂ. ವೆಂಟಿಲೇಟರ್ ತೆಗೆದ ಒಬ್ಬ ಹಿರಿಯರು ರಾತ್ರಿಯಿಡೀ ಹೊದಿಕೆಯಿಂದ ಏನನ್ನೋ ಆರಿಸಿ ಆರಿಸಿ ತೆಗೆಯುತ್ತಿದ್ದರು. ಅವರ ಪತ್ನಿ, "ತಲೆ ಕೆಟ್ಟುಹೋಯ್ತಾ ಸಿಸ್ಟರ್?" ಅಂತ ಪಿಸುಗುಟ್ಟಿದರು. ಇಲ್ಲ, ಇದು ಕಾಯಿಲೆಯಿಂದ, ಔಷಧಿಯಿಂದ, ನಿದ್ದೆಗೆಟ್ಟಿದ್ದರಿಂದ ಬರುವ ಗೊಂದಲ, ಐಸಿಯುನಲ್ಲಿ ತುಂಬ ಜನರಿಗೆ ಆಗುತ್ತೆ, ಸಾಮಾನ್ಯವಾಗಿ ಇಳಿಯುತ್ತೆ ಅಂತ ಹೇಳಿದೆ. ಕನ್ನಡಕ, ಕಿವಿಯ ಮಿಷನ್ ತರಿಸಿ ಹಾಕಿದೆವು. ಎದುರಿಗೆ ಕಾಣುವಂತೆ ಗಡಿಯಾರ ಇಟ್ಟೆವು. ವಾದ ಮಾಡಬೇಡಿ, ಇವತ್ತು ಯಾವ ದಿನ, ಎಲ್ಲಿದ್ದೀರಿ ಅಂತ ಮೆಲ್ಲಗೆ ಹೇಳ್ತಾ ಇರಿ ಅಂದೆ. ನಾಲ್ಕನೇ ಬೆಳಗ್ಗೆ ಅವರು ಪತ್ನಿಯನ್ನು ಹೆಸರು ಹಿಡಿದು ಕರೆದರು.

ಪ್ರತಿ ಮಂಚದ ಹತ್ತಿರ ಒಂದು ನೋಟ್‌ಬುಕ್ ಇಡೋ ಅಭ್ಯಾಸವನ್ನೂ ಮಾಡಿಕೊಂಡೆ. ಪ್ರಜ್ಞೆ ಇಲ್ಲದ ದಿನಗಳಲ್ಲಿ ಏನಾಯ್ತು ಅಂತ ನಾವೂ ಮನೆಯವರೂ ಪೇಶೆಂಟ್‌ಗೇ ಹೇಳುವ ಹಾಗೆ ಬರೆಯುತ್ತೇವೆ. ಆಮೇಲೆ ಬರುವ ಮಾನಸಿಕ ಆಘಾತವನ್ನು ಇದು ತಗ್ಗಿಸುತ್ತೆ ಅಂತ 2010ರ ಒಂದು ಯುರೋಪಿಯನ್ ಅಧ್ಯಯನ ಹೇಳಿತ್ತು. 2019ರಲ್ಲಿ ಫ್ರಾನ್ಸ್‌ನ 35 ಐಸಿಯುಗಳ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ನಾನು ಬಿಟ್ಟಿಲ್ಲ. ಕೈಕಟ್ಟಿ ನಿಂತವರಿಗೆ ಅದು ಮಾಡೋಕೆ ಒಂದು ಕೆಲಸ ಕೊಡುತ್ತೆ.

ಆ ತಾಯಿ ಒಂಬತ್ತನೇ ದಿನ ತೀರಿಕೊಂಡರು. ಕೊನೆಯ ಗಂಟೆಗಳಲ್ಲಿ ಮಾನಿಟರ್‌ನ ಸದ್ದು ನಿಲ್ಲಿಸಿ, ಪರದೆ ಗೋಡೆಗೆ ತಿರುಗಿಸಿದೆ. ಉಸಿರು ಮಧ್ಯೆ ಮಧ್ಯೆ ನಿಲ್ಲುತ್ತೆ, ಆಮೇಲೆ ಬರುತ್ತೆ, ಗಾಬರಿಯಾಗಬೇಡಿ ಅಂತ ಮೊದಲೇ ಹೇಳಿದ್ದೆ. ಮಗಳು ಅದೇ ಎಡಗೈ ಹಿಡಿದು ಕೂತಿದ್ದರು. ಹೊರಡುವಾಗ ನೋಟ್‌ಬುಕ್ ಕೇಳಿದರು, ಕೊಟ್ಟೆ. ಕೊನೆಯ ಪುಟದಲ್ಲಿ ಅವರದೇ ಅಕ್ಷರ: "ಅಮ್ಮಾ, ಇವತ್ತು ನಿನ್ನ ತಲೆ ಬಾಚಿದೆ."